ಕಾಗದಗಳು ಯಾರ ಕೈಸೇರುತ್ತವೆ?

ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರು, ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೊಂದಿಕೊಂಡ ಊರು. 2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ದಳದವರು ಅಲ್ಲಿನ ಮಲೆಕುಡಿಯ ಕುಟುಂಬವೊಂದರ ತಂದೆ ಮತ್ತು ಮಗನನ್ನು ಬಂಧಿಸಿದರು. ಮಗ ವಿಠಲ ಮಲೆಕುಡಿಯ ಆಗ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ವಿದ್ಯಾರ್ಥಿ. ಹೊರಿಸಿದ ಆರೋಪಗಳೋ ರಾಜದ್ರೋಹ, ಒಳಸಂಚು, ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ ಕಲಮುಗಳು. ಇಷ್ಟು ದೊಡ್ಡ ಆರೋಪಗಳಿಗೆ ಆಧಾರವೆಂದು ವಶಪಡಿಸಿಕೊಂಡವುಗಳಲ್ಲಿ ಭಗತ್ ಸಿಂಗ್‌ಗೆ ಸಂಬಂಧಿಸಿದ ಪುಸ್ತಕವಿತ್ತು, ದಿನಪತ್ರಿಕೆಗಳಿಂದ ಕತ್ತರಿಸಿಟ್ಟ ತುಣುಕುಗಳಿದ್ದವು, ಮೊಬೈಲ್ ಫೋನುಗಳಿದ್ದವು. ಊರಿಗೆ ಮೂಲಸೌಕರ್ಯ ಒದಗಿಸುವ ತನಕ ಚುನಾವಣೆಯನ್ನು ಬಹಿಷ್ಕರಿಸಬೇಕೆಂದು ಕೈಯಲ್ಲಿ ಬರೆದ ಪತ್ರವಿತ್ತು.

ಪತ್ರಿಕೋದ್ಯಮದ ವಿದ್ಯಾರ್ಥಿಯ ಬಳಿ ಪತ್ರಿಕೆಯ ತುಣುಕುಗಳಿರುವುದು ಕಮ್ಮಾರನ ಬಳಿ ಸುತ್ತಿಗೆ ಇದ್ದಷ್ಟೇ ಸಹಜ. ಆದರೆ ಶೋಧನೆಗೆ ಬಂದವರು ಏನನ್ನು ಹುಡುಕಬೇಕೆಂದು ನಿಶ್ಚಯಿಸಿಕೊಂಡು ಬಂದಿರುತ್ತಾರೋ ಅದೇ ಅವರ ಕಣ್ಣಿಗೆ ಬೀಳುತ್ತದೆ. ಪ್ರಕರಣ ಒಂಬತ್ತು ವರ್ಷಗಳನ್ನು ಮೀರಿ ಎಳೆಯಿತು. 2021ರ ಅಕ್ಟೋಬರ್ 21ರಂದು ದಕ್ಷಿಣ ಕನ್ನಡದ ಮೂರನೆಯ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ದೋಷಮುಕ್ತಗೊಳಿಸಿತು. ಭಗತ್ ಸಿಂಗ್ ಪುಸ್ತಕ ಇಟ್ಟುಕೊಳ್ಳುವುದನ್ನು ಯಾವ ಕಾನೂನೂ ನಿಷೇಧಿಸಿಲ್ಲ ಎಂದಿತು. ಬಹಿಷ್ಕಾರದ ಪತ್ರದಲ್ಲಿ ಇರುವುದು ಸ್ಥಳೀಯರ ಬೇಡಿಕೆಗಳೆಂದು ಗುರುತಿಸಿತು. ಪತ್ರವನ್ನು ಓದಿದ ಯಾರಿಗಾದರೂ ಮೊದಲ ದಿನವೇ ತಿಳಿಯಬಹುದಾಗಿದ್ದ ಸಂಗತಿ ಅದು.

ಮಲೆನಾಡಿನ ಮನೆಗಳಲ್ಲಿ ಕಾಗದಕ್ಕಿರುವ ಸ್ಥಾನ ಪಟ್ಟಣದವರಿಗೆ ಸುಲಭವಾಗಿ ಅರಿವಾಗದು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕಂದಾಯ ರಸೀದಿ, ಪಡಿತರ ಚೀಟಿ, ಅರಣ್ಯ ಇಲಾಖೆಯ ನೋಟಿಸು, ಸಂಘದ ನಡಾವಳಿ ಪುಸ್ತಕ, ಮದುವೆಯ ಲಗ್ನಪತ್ರಿಕೆ, ಊರು ಬಿಟ್ಟ ಮಗಳು ಬರೆದ ಕಾಗದ ಎಲ್ಲವೂ ಒಟ್ಟಿಗೇ ಇರುತ್ತವೆ. ರಾಜಕೀಯದ್ದು ಇದು, ಖಾಸಗಿಯದ್ದು ಅದು ಎಂದು ಯಾರೂ ವಿಂಗಡಿಸಿ ಇಟ್ಟಿರುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲಂತೂ ಆ ಪೆಟ್ಟಿಗೆಯೇ ನೆಲದ ಆಧಾರವಾಯಿತು. ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲೇ ಭೂಮಿ ತಮ್ಮ ಸ್ವಾಧೀನದಲ್ಲಿತ್ತೆಂದು ತೋರಿಸಬೇಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನದಿಂದ ಹಿಂದಕ್ಕೆ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಸರ್ಕಾರದ ಒಂದು ಕೈ ‘ಕಾಗದ ತೋರಿಸಿ’ ಎನ್ನುತ್ತಿರುವಾಗ ಇನ್ನೊಂದು ಕೈ ಕಾಗದ ಇಟ್ಟುಕೊಂಡದ್ದನ್ನೇ ಅಪರಾಧದ ಕುರುಹಾಗಿ ನೋಡಿದರೆ ಗುಡ್ಡದ ಜನ ಮಾಡಬೇಕಾದುದೇನು? ಕೆಲವರು ಹೆದರಿ ಸುಡುತ್ತಾರೆ, ಇನ್ನು ಕೆಲವರು ಬರೆಯುವುದನ್ನೇ ಬಿಡುತ್ತಾರೆ. ಗ್ರಾಮಸಭೆಯಲ್ಲಿ ಸಹಿ ಹಾಕಲು ಹಿಂಜರಿಯುವ ಕೈಗಳ ಹಿಂದೆ ಇಂಥ ಭಯವೂ ಇದೆ.

ಕಾಗದವನ್ನು ಹೀಗೆ ಹೊತ್ತೊಯ್ಯುವ ಅಧಿಕಾರ ಪೊಲೀಸರೊಬ್ಬರದೇ ಅಲ್ಲ. ಶಾಸನಸಭೆಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಅಮೆರಿಕದ ಕೆಂಟಕಿ ರಾಜ್ಯದ ಪೈಕ್ ಕೌಂಟಿಯಲ್ಲಿ ನಡೆದುದು ಪಶ್ಚಿಮ ಘಟ್ಟದ ಓದುಗರಿಗೆ ಅಪರಿಚಿತವೆನಿಸದು. ಅದೂ ಗುಡ್ಡಗಳ ನಾಡು, ಕಲ್ಲಿದ್ದಲಿಗಾಗಿ ಬೆಟ್ಟದ ಮೇಲ್ಮೈಯನ್ನೇ ಕೆರೆದು ತೆಗೆಯುವ ಗಣಿಗಾರಿಕೆಯ ನಾಡು. 1967ರ ಬೇಸಿಗೆಯಲ್ಲಿ ಅಲ್ಲಿನ ರೈತರು ಬುಲ್ಡೋಜರುಗಳಿಗೆ ಅಡ್ಡ ನಿಂತಿದ್ದರು. ಬಡವರನ್ನು ಸಂಘಟಿಸಲು ಬಂದಿದ್ದ ಆ್ಯಲನ್ ಮತ್ತು ಮಾರ್ಗರೆಟ್ ಮೆಕ್‌ಸರ್ಲಿ ದಂಪತಿಯ ಮನೆಯ ಮೇಲೆ ಆಗಸ್ಟ್ ತಿಂಗಳ ಒಂದು ರಾತ್ರಿ ದಾಳಿಯಾಯಿತು. ರಾಜದ್ರೋಹದ ವಾರಂಟ್ ಹಿಡಿದು ದಾಳಿಯ ಮುಂದಾಳತ್ವ ವಹಿಸಿದ ಸರ್ಕಾರಿ ವಕೀಲರು ಸ್ವತಃ ಕಲ್ಲಿದ್ದಲು ವ್ಯವಹಾರದಲ್ಲಿದ್ದವರು. ಪುಸ್ತಕಗಳು, ಸಂಘಟನೆಯ ಕಡತಗಳು, ಮಾರ್ಗರೆಟ್ ಅವರ ದಿನಚರಿ, ಮದುವೆಗೆ ಮುಂಚೆ ಅವರಿಗೆ ಬಂದಿದ್ದ ಪ್ರೇಮಪತ್ರಗಳು ಎಲ್ಲವನ್ನೂ ವಾಹನದಲ್ಲಿ ತುಂಬಿಕೊಂಡು ಹೋದರು.

ತಿಂಗಳು ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 14ರಂದು, ಮೂವರು ನ್ಯಾಯಾಧೀಶರ ಪೀಠ ಆ ರಾಜದ್ರೋಹ ಕಾಯ್ದೆಯೇ ಅಸಾಂವಿಧಾನಿಕ ಎಂದು ತೀರ್ಪಿತ್ತಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಗರಗಳ ಗಲಭೆಗಳನ್ನು ತನಿಖೆ ಮಾಡುತ್ತಿದ್ದ ಸೆನೆಟ್ ಉಪಸಮಿತಿಯೊಂದರ ತನಿಖಾಧಿಕಾರಿ ಪೈಕ್ ಕೌಂಟಿಗೆ ಬಂದು, ನ್ಯಾಯಾಲಯದ ಆದೇಶದಂತೆ ಜೋಪಾನವಾಗಿ ಇರಬೇಕಿದ್ದ ಕಾಗದಗಳನ್ನು ತಿರುವಿಹಾಕಿ ಪ್ರತಿಗಳನ್ನು ವಾಷಿಂಗ್ಟನ್‌ಗೆ ಒಯ್ದರು. ಗಲಭೆಗೂ ಪ್ರೇಮಪತ್ರಕ್ಕೂ ಏನು ಸಂಬಂಧ? ಆ ಪತ್ರಗಳನ್ನು ಬರೆದವರು ಸಮಿತಿಯ ಅಧ್ಯಕ್ಷ ಸೆನೆಟರ್ ಮೆಕ್‌ಕ್ಲೆಲನ್ ಅವರನ್ನು ಟೀಕಿಸುತ್ತಿದ್ದ ಪ್ರಸಿದ್ಧ ಅಂಕಣಕಾರರಾಗಿದ್ದರು ಎಂಬುದನ್ನು ಇಲ್ಲಿ ಹೇಳಿದರೆ ಸಾಕು. ಮೂಲ ಕಾಗದಗಳನ್ನು ಒಪ್ಪಿಸಬೇಕೆಂಬ ಸಮಿತಿಯ ಆಜ್ಞೆಯನ್ನು ದಂಪತಿ ನಿರಾಕರಿಸಿದರು. ಅದಕ್ಕಾಗಿ 1970ರಲ್ಲಿ ಸದನನಿಂದನೆಯ ಶಿಕ್ಷೆಯಾಯಿತು. 1972ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಮೊದಲ ಶೋಧನೆಯೇ ಅಕ್ರಮವಾಗಿರುವಾಗ ಅದರಿಂದ ಹುಟ್ಟಿದ ಆಜ್ಞೆ ನಿಲ್ಲುವುದಾದರೂ ಹೇಗೆ? ಪರಿಹಾರದ ದಾವೆಯಲ್ಲಿ 1983ರಲ್ಲಿ ಜ್ಯೂರಿ ಸುಮಾರು 16 ಲಕ್ಷ ಡಾಲರ್ ಕೊಡಿಸಿತು, ಮೇಲ್ಮನವಿಯಲ್ಲಿ ಮೊತ್ತ ಬಹುವಾಗಿ ತಗ್ಗಿತು. ಅಷ್ಟರೊಳಗೆ ದಂಪತಿ ಆ ಗುಡ್ಡನಾಡನ್ನು ಬಿಟ್ಟಾಗಿತ್ತು, ಅವರ ಮನೆಗೆ ಯಾರೋ ಡೈನಮೈಟ್ ಎಸೆದೂ ಆಗಿತ್ತು.

ಕರ್ನಾಟಕದಲ್ಲಿ ಸದನದ ಹಕ್ಕುಗಳ ಸ್ವರೂಪ ಇನ್ನಷ್ಟು ಅಸ್ಪಷ್ಟ. ಸಂವಿಧಾನದ 194ನೇ ವಿಧಿ ಶಾಸಕಾಂಗದ ವಿಶೇಷ ಹಕ್ಕುಗಳನ್ನು ಹೇಳುತ್ತದೆ, ಆದರೆ ಅವುಗಳ ಎಲ್ಲೆಯನ್ನು ಬಿಡಿಸಿ ಬರೆದ ಸಮಗ್ರ ಕಾಯ್ದೆ ಇಲ್ಲ. 2017ರ ಜೂನ್ 21ರಂದು ರಾಜ್ಯ ವಿಧಾನಸಭೆ ಹಕ್ಕುಬಾಧ್ಯತಾ ಸಮಿತಿಯ ಶಿಫಾರಸಿನ ಮೇರೆಗೆ ಇಬ್ಬರು ಪತ್ರಕರ್ತರಿಗೆ ಒಂದು ವರ್ಷದ ಸೆರೆವಾಸ ಹಾಗೂ 10,000 ರೂಪಾಯಿ ದಂಡ ವಿಧಿಸಿತು. ಬರಹದ ಗುಣಾವಗುಣಗಳ ಮಾತು ಬೇರೆ. ದೂರು ಕೊಟ್ಟ ಶಾಸಕರ ಸಹೋದ್ಯೋಗಿಗಳೇ ವಿಚಾರಣೆ ನಡೆಸಿ, ಅವರೇ ಶಿಕ್ಷೆ ವಿಧಿಸುವ ಕ್ರಮವನ್ನು ಒಪ್ಪಲಾಗದು.

ಜನರ ಕಾಗದ ಓದುವ ಆತುರ ಸರ್ಕಾರದ ಸ್ವಂತ ಕಾಗದಗಳ ವಿಷಯಕ್ಕೆ ಬಂದಾಗ ಇರುವುದಿಲ್ಲ. ಬೀದರ್ ಜಿಲ್ಲೆಯ ಗೋರ್ಟಾ (ಬಿ) ಗ್ರಾಮದ ಮೇಲೆ 1948ರ ಮೇ ತಿಂಗಳಲ್ಲಿ ರಜಾಕಾರರು ಎರಗಿ ಸಾಮೂಹಿಕ ಹತ್ಯೆ ನಡೆಸಿದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಅದೇ ಸೀಮೆಯಲ್ಲಿ ಮುಸ್ಲಿಮರ ಮೇಲೆ ಹಿಂಸೆ ನಡೆಯಿತು. ಅದನ್ನು ತಿಳಿದುಬರಲು ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ ಬೀದರ್, ಕಲಬುರಗಿಗಳು ಅತಿ ಹೆಚ್ಚು ನೊಂದ ಜಿಲ್ಲೆಗಳ ಸಾಲಿನಲ್ಲಿವೆಯೆಂದು ವರದಿ ಕೊಟ್ಟಿತು. ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ದೆಹಲಿಯ ಗ್ರಂಥಾಲಯದಲ್ಲಿ ಅದು ಜನರ ಓದಿಗೆ ದೊರೆತ ಸುದ್ದಿ ಬಂದದ್ದು 2013ರಲ್ಲಿ. ಊರು ತನ್ನ ನೋವನ್ನು ನಾಲಿಗೆಯ ಮೇಲೆ ಉಳಿಸಿಕೊಂಡಿತು, ಎರಡೂ ಕಡೆಯ ಸಾವುಗಳ ಲೆಕ್ಕ ಇರಬೇಕಾದ ದಫ್ತರ ಅರುವತ್ತಕ್ಕೂ ಹೆಚ್ಚು ವರ್ಷ ಬೀಗದೊಳಗಿತ್ತು.

ರಾಜದ್ರೋಹದ 124ಎ ಕಲಮನ್ನು ಸುಪ್ರೀಂ ಕೋರ್ಟ್ 2022ರ ಮೇ 11ರಂದು ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದರ ಜಾಗಕ್ಕೆ 152ನೇ ಕಲಮು ಬಂದಿದೆ. ಹೆಸರು ಹೋಗಿದೆ, ಮೊನಚು ಹೋಗಿಲ್ಲ. ಆದ್ದರಿಂದ ಅದೇ ದಿನ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮೂರು ಕಲಮುಗಳನ್ನು ಪ್ರತಿ ಗ್ರಾಮದ ಸಂಘವೂ ವಿದ್ಯಾರ್ಥಿಗಳೂ ತಿಳಿದಿರಬೇಕು. ವಾರಂಟ್ ಇಲ್ಲದೆ ಶೋಧಿಸುವ ಅಧಿಕಾರಿ ಕಾರಣವನ್ನೂ, ಸಾಧ್ಯವಾದಷ್ಟು ಮಟ್ಟಿಗೆ ಏನನ್ನು ಹುಡುಕುತ್ತಿದ್ದಾರೆಂಬುದನ್ನೂ ಮೊದಲೇ ಬರೆದಿಡಬೇಕೆಂದು 185ನೇ ಕಲಮು ಹೇಳುತ್ತದೆ. ಮನೆಯವರು ಶೋಧನೆಯ ವೇಳೆ ಹಾಜರಿರುವ, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಪಡೆಯುವ ಹಕ್ಕು 103ರಲ್ಲಿದೆ. ಇಡೀ ಶೋಧನೆಯನ್ನು ಧ್ವನಿ-ದೃಶ್ಯದಲ್ಲಿ ದಾಖಲಿಸಬೇಕೆನ್ನುವುದು 105. ಪಟ್ಟಿಯಲ್ಲಿ ‘ಕೆಲವು ಕಾಗದಪತ್ರಗಳು’ ಎಂದಷ್ಟೇ ಬರೆದಿದ್ದರೆ ಸಹಿ ಹಾಕುವ ಮುನ್ನ ಪ್ರತಿಯೊಂದನ್ನೂ ಹೆಸರಿಸಿ ಬರೆಯುವಂತೆ ಕೇಳಬೇಕು. ನೆಲದ ಹಕ್ಕಿಗೆ ಬೇಕಾದ ರಸೀದಿ ಅದರಲ್ಲಿ ಸೇರಿಹೋಗಿದ್ದರೆ ಹಿಂದಿರುಗಿಸುವಂತೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಅರಣ್ಯ ಹಕ್ಕಿನ ಕಡತಗಳ ಇನ್ನೊಂದು ಪ್ರತಿ ನೆರೆಯೂರಿನ ನಂಬಿಕಸ್ಥರ ಮನೆಯಲ್ಲಿರುವುದು ಒಳ್ಳೆಯದು.