ಹುಟ್ಟಿನಿಂದ ಗುಲಾಮ ಎಂದು ಬರೆದ ಕೈ ಯಾರದು?

ಶಾಲೆಯಲ್ಲಿ ನಾವೆಲ್ಲ ಉರು ಹೊಡೆದ ಸಾಲೊಂದಿದೆ: 1492ರಲ್ಲಿ ಕೊಲಂಬಸನು ಅಮೆರಿಕಾವನ್ನು ಕಂಡುಹಿಡಿದನು. ಪರೀಕ್ಷೆಯಲ್ಲಿ ಬರೆದೆವು, ಒಂದು ಮಾರ್ಕು ತಗೊಂಡೆವು, ಮುಗೀತು. ಅಲ್ಲಿ ಮೊದಲೇ ಊರು ಕಟ್ಟಿಕೊಂಡು, ಮುಸುಕಿನ ಜೋಳ ಬೆಳೆದುಕೊಂಡು, ಮಕ್ಕಳು ಮರಿ ಸಾಕಿಕೊಂಡಿದ್ದ ಜನ ಇದ್ದರಲ್ಲ, ಅವರ ಗತಿ ಏನಾಯ್ತು ಸಾರ್ ಅಂತ ಎದ್ದು ನಿಂತು ಕೇಳಿದವರು ಯಾರೂ ಇಲ್ಲ. ನಾವೂ ಕೇಳಲಿಲ್ಲ.

ಈಗಲಾದರೂ ಕೇಳಬೇಕು. ಇಡೀ ಅಮೆರಿಕಾದ ಕತೆ ಈ ಎರಡು ಹಾಳೆಯಲ್ಲಿ ಹಿಡಿಯೋದಿಲ್ಲ. ಅದಕ್ಕೇ ವರ್ಜೀನಿಯಾ ಎಂಬ ಒಂದೇ ಸೀಮೆಯನ್ನು ತೆಗೆದುಕೊಂಡಿದ್ದೇವೆ. ಇಂಗ್ಲಿಷರು ಅಮೆರಿಕಾದಲ್ಲಿ ಕಾಯಂ ಆಗಿ ಬೇರೂರಿದ ಮೊದಲ ಜಾಗ ಅದು. ಅಲ್ಲಿ ಒಂದು ಸಂಗತಿ ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತೆ. ಹುಟ್ಟಿನಿಂದಲೇ ಒಬ್ಬ ಒಡೆಯ, ಇನ್ನೊಬ್ಬ ಗುಲಾಮ ಎಂಬುದು ದೇವರು ಮಾಡಿದ್ದಲ್ಲ, ಪ್ರಕೃತಿ ಮಾಡಿದ್ದೂ ಅಲ್ಲ. ಜಮೀನುಳ್ಳ ಗಂಡಸರು ಸಭೆ ಸೇರಿ, ಇಸವಿ ಹಾಕಿ, ಶಾಯಿಯಲ್ಲಿ ಬರೆದದ್ದು.

ಮೊದಲು ನೆಲದ ಮಾತು. 1607ರಲ್ಲಿ ಲಂಡನ್ನಿನ ಒಂದು ವ್ಯಾಪಾರಿ ಕಂಪನಿ ಕಳಿಸಿದ ನೂರು ಚಿಲ್ಲರೆ ಗಂಡಸರು ಬಂದು ಜೇಮ್ಸ್‌ಟೌನ್ ಎಂಬ ಕೋಟೆ ಕಟ್ಟಿದರು. ಆ ನೆಲ ಪೌಹಾಟನ್ ಎಂಬ ದೊರೆಯ ಕೈಕೆಳಗಿದ್ದ ಸುಮಾರು ಮೂವತ್ತು ಬುಡಕಟ್ಟುಗಳದ್ದು. ಬಂದವರು ಹುಡುಕಿದ್ದು ಚಿನ್ನ. ಸಿಕ್ಕಿದ್ದು ಹಸಿವು. ಮೂಲನಿವಾಸಿಗಳ ಜೋಳವನ್ನು ಕೊಂಡು, ಬೇಡಿ, ಕೊನೆಗೆ ಕಿತ್ತು ತಿಂದು ಜೀವ ಉಳಿಸಿಕೊಂಡರು. ಆಮೇಲೆ ಹೊಗೆಸೊಪ್ಪು ಕೈಹಿಡಿಯಿತು. ಅದು ಕೆಲವೇ ವರ್ಷಗಳಲ್ಲಿ ಮಣ್ಣಿನ ಸಾರ ಹೀರಿಬಿಡುವ ಬೆಳೆ. ಹೊಸ ಹೊಸ ಹೊಲ ಬೇಕು, ದುಡಿಯೋ ಕೈ ಬೇಕು. ಹೊಲ ಎಲ್ಲಿಂದ? ಪೌಹಾಟನ್ ಜನರಿಂದ. ಅವರು 1622ರಲ್ಲಿ ತಿರುಗಿಬಿದ್ದರು; 347 ಇಂಗ್ಲಿಷರು ಸತ್ತರು. ಅದಕ್ಕೆ ಸೇಡು ಅಂತ ಇಂಗ್ಲಿಷರು ಊರು ಸುಟ್ಟರು, ನಿಂತ ಬೆಳೆ ಕಡಿದರು. 1644ರಲ್ಲಿ ಮತ್ತೆ ದಂಗೆ. 1646ರ ಒಪ್ಪಂದದ ಪ್ರಕಾರ ಆ ನೆಲದ ಮಕ್ಕಳೇ ವರ್ಷಕ್ಕೆ 20 ಬೀವರ್ ತೊಗಲು ಕಪ್ಪ ಕೊಡಬೇಕು ಅಂತಾಯ್ತು. ಮನೆ ಯಾರದು, ಬಾಡಿಗೆ ಕಟ್ಟೋರು ಯಾರು ನೋಡಿ!

ಇನ್ನು ಕೈಗಳ ಮಾತು. ಮೊದಲು ದುಡಿಯಲು ಬಂದವರಲ್ಲಿ ಬಹುಪಾಲು ಇಂಗ್ಲೆಂಡಿನ ಬಡವರೇ. ಹಡಗಿನ ಛಾರ್ಜಿಗಾಗಿ ನಾಲ್ಕರಿಂದ ಏಳು ವರ್ಷ ಕರಾರಿನ ಜೀತ. ಹಾಗೆ ಒಬ್ಬ ಆಳನ್ನು ತಂದ ಧಣಿಗೆ ತಲೆಗೆ 50 ಎಕರೆ ಇನಾಮು. ಬೆವರು ಆಳಿಂದು, ಎಕರೆ ಧಣಿಯದು. 1619ರ ಜುಲೈ 30ರಂದು ಜೇಮ್ಸ್‌ಟೌನಿನ ಚರ್ಚಿನಲ್ಲಿ ಇಂಗ್ಲಿಷ್ ಅಮೆರಿಕಾದ ಮೊದಲ ಚುನಾಯಿತ ಸಭೆ ಕೂತಿತು. ಪ್ರಜಾಪ್ರಭುತ್ವದ ತೊಟ್ಟಿಲು ಅಂತ ಇದನ್ನು ಹೊಗಳುತ್ತಾರೆ. ಅದಾಗಿ ಒಂದು ತಿಂಗಳೂ ತುಂಬಿರಲಿಲ್ಲ, ಅದೇ ಕರಾವಳಿಗೆ ಬಂದ ಒಂದು ಹಡಗು ಅಂಗೋಲಾ ಕಡೆಯಿಂದ ಹಿಡಿದು ತಂದಿದ್ದ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ಇಳಿಸಿತು. ಅವರಿಗೆ ಬದಲಾಗಿ ಹಡಗಿನವರು ತಗೊಂಡದ್ದು ಊಟದ ಸಾಮಾನು. ತೊಟ್ಟಿಲೂ ಸಂತೆಯೂ ಒಂದೇ ಅಂಗಳದಲ್ಲಿ!

ಆದರೆ ಗಮನಿಸಿ, ಆಗಿನ್ನೂ ವರ್ಜೀನಿಯಾದಲ್ಲಿ ಗುಲಾಮಗಿರಿಯ ಕಾನೂನು ಇರಲಿಲ್ಲ. ಆಂಟನಿ ಜಾನ್ಸನ್ ಎಂಬ ಕರಿಯ 1621ರಲ್ಲಿ ಬಂದು, ದುಡಿದು, ಬಿಡುಗಡೆಯಾಗಿ, 1651ರ ಹೊತ್ತಿಗೆ 250 ಎಕರೆ ಮಾಡಿದ್ದ. ಅವನೂ ಇನ್ನೊಬ್ಬ ಕರಿಯನನ್ನು ಆಳಾಗಿ ಇಟ್ಟುಕೊಂಡಿದ್ದ, ಕೋರ್ಟಿಗೆ ಹೋಗಿ ವಾಪಸ್ ಕೂಡ ತಂದುಕೊಂಡ. ಅದನ್ನು ಮುಚ್ಚಿಡೋದು ಬೇಡ. ನಾವು ಹೇಳೋದು ಇಷ್ಟೇ: ಬಣ್ಣವೇ ಹಣೆಬರಹ ಎಂಬುದು ಆಗಿನ್ನೂ ಬರೆದಾಗಿರಲಿಲ್ಲ. ಆಮೇಲೆ ಒಂದೊಂದೇ ಸಾಲು ಬರೆದರು. ಆ ಸಾಲುಗಳನ್ನು ಇಸವಿ ಸಮೇತ ಓದಿ.

1640. ಮೂವರು ಜೀತಗಾರರು ಒಟ್ಟಿಗೆ ಓಡಿಹೋಗಿ ಸಿಕ್ಕಿಬಿದ್ದರು. ಒಬ್ಬ ಡಚ್ಚ, ಒಬ್ಬ ಸ್ಕಾಟ್, ಇನ್ನೊಬ್ಬ ಜಾನ್ ಪಂಚ್ ಎಂಬ ಕರಿಯ. ತಪ್ಪು ಒಂದೇ. ಇಬ್ಬರು ಬಿಳಿಯರಿಗೆ ನಾಲ್ಕು ವರ್ಷ ಹೆಚ್ಚು ಜೀತ. ಜಾನ್ ಪಂಚನಿಗೆ ಸಾಯೋವರೆಗೂ.

1656. ಎಲಿಜಬೆತ್ ಕೀ ಎಂಬ ಹೆಣ್ಣುಮಗಳು ಕೋರ್ಟಿಗೆ ಹೋದಳು. ನನ್ನ ಅಪ್ಪ ಇಂಗ್ಲಿಷಿನವನು, ನನಗೆ ದೀಕ್ಷಾಸ್ನಾನವೂ ಆಗಿದೆ, ನಾನು ಗುಲಾಮಳಲ್ಲ ಎಂದಳು. ಗೆದ್ದಳು. ಇಂಗ್ಲೆಂಡಿನ ಕಾಯಿದೆಯಲ್ಲಿ ಮಗುವಿನ ಸ್ಥಾನ ತಂದೆಯಿಂದಲೇ ಬರುತ್ತಿತ್ತು. ಧಣಿಗಳಿಗೆ ದಿಗಿಲಾಯ್ತು. 1662ರಲ್ಲಿ ಅದೇ ಸಭೆ ಆ ಬಾಗಿಲು ಮುಚ್ಚಿತು: ಇನ್ನು ಮುಂದೆ ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಿಂದ ತೀರ್ಮಾನ. ಇದರ ಅರ್ಥ ಏನು ಗೊತ್ತಾ? ಧಣಿ ತನ್ನ ಗುಲಾಮಳ ಮೇಲೆ ಕೈಮಾಡಿದರೆ ಹುಟ್ಟುವ ಮಗು ಅವನಿಗೆ ಮಗನಲ್ಲ, ಆಸ್ತಿ. ತಾಯಿಯ ಗರ್ಭವನ್ನೇ ದೊಡ್ಡಿ ಮಾಡಿಕೊಂಡರು.

1667. ಎಲಿಜಬೆತ್ ಹಿಡಿದಿದ್ದ ಎರಡನೇ ದಾರಿಯೂ ಬಂದ್ ಆಯ್ತು. ದೀಕ್ಷಾಸ್ನಾನ ಆದರೂ ಗುಲಾಮ ಗುಲಾಮನೇ. ಸ್ವರ್ಗ ಸಿಗಬಹುದು, ಬಿಡುಗಡೆ ಸಿಗೋದಿಲ್ಲ!

1669. ಶಿಕ್ಷಿಸುವಾಗ ಗುಲಾಮ ಸತ್ತರೆ ಧಣಿಯದು ಕೊಲೆ ಅಪರಾಧ ಅಲ್ಲ. ತನ್ನ ಆಸ್ತಿಯನ್ನು ತಾನೇ ಬೇಕಂತ ಹಾಳು ಮಾಡಿಕೊಳ್ಳೋನು ಯಾರು ಎಂಬುದು ಸಭೆಯ ತರ್ಕ. ಮರುವರ್ಷವೇ ಆಂಟನಿ ಜಾನ್ಸನ್ ಸತ್ತ. ಅವನು ಕರಿಯ, ಆದ್ದರಿಂದ ಪರದೇಶಿ ಅಂತ ಕೋರ್ಟು ಹೇಳಿತು. ವರ್ಜೀನಿಯಾದಲ್ಲಿದ್ದ ಅವನ ಜಮೀನು ಅವನ ವಂಶದ ಕೈತಪ್ಪಿತು.

ಆಮೇಲೆ ಬಂತು 1676. ಬೇಕನ್ ಎಂಬ ಜಮೀನ್ದಾರ ಗವರ್ನರನ ಮೇಲೆ ದಂಗೆ ಎದ್ದ. ಅವನೇನೂ ನಮ್ಮ ನಾಯಕನಲ್ಲ. ಮೂಲನಿವಾಸಿಗಳನ್ನು ಕೊಂದು ನೆಲ ಹಿಡಿಯಬೇಕು ಎಂಬುದೇ ಅವನ ಆಸೆ. ಆದರೆ ಆ ದಂಗೆಯಲ್ಲಿ ಬಿಳಿ ಜೀತಗಾರರೂ ಕರಿ ಗುಲಾಮರೂ ಹೆಗಲಿಗೆ ಹೆಗಲು ಕೊಟ್ಟು ಬಂದೂಕು ಹಿಡಿದರು. ಜೇಮ್ಸ್‌ಟೌನ್ ಸುಟ್ಟು ಬೂದಿಯಾಯ್ತು. ಕೊನೆಯವರೆಗೂ ಶರಣಾಗದೆ ನಿಂತವರಲ್ಲಿ ಸುಮಾರು 80 ಕರಿಯರು, 20 ಬಿಳಿಯರು. ಧಣಿಗಳ ಎದೆ ನಡುಗಿದ್ದು ಅಲ್ಲಿ. ದುಡಿಯುವವರು ಬಣ್ಣ ಮರೆತರೆ ಧಣಿ ಉಳಿಯೋದಿಲ್ಲ.

ಬಣ್ಣ ಮರೆಯದ ಹಾಗೆ ಮಾಡುವುದು ಹೇಗೆ? ಅದಕ್ಕೂ ಕಾನೂನು. 1691ರಲ್ಲಿ ಬಿಳಿಯರು ಕರಿಯರನ್ನಾಗಲಿ ಮೂಲನಿವಾಸಿಗಳನ್ನಾಗಲಿ ಮದುವೆಯಾದರೆ ಗಡೀಪಾರು ಅಂತ ಬರೆದರು. 1705ರಲ್ಲಿ ಹಳೆಯ ಸಾಲುಗಳನ್ನೆಲ್ಲ ಸೇರಿಸಿ ದೊಡ್ಡ ಸಂಹಿತೆ ಮಾಡಿದರು. ಜೀತ ಮುಗಿಸಿದ ಬಿಳಿ ಗಂಡಸಿಗೆ ಜೋಳ, 30 ಷಿಲಿಂಗ್, ಒಂದು ಬಂದೂಕು. ಗುಲಾಮರು ಸಾಕಿಕೊಂಡಿದ್ದ ದನ, ಕುದುರೆ, ಹಂದಿಗಳನ್ನು ಕಿತ್ತು ಮಾರಿ ಆ ಹಣ ಊರಿನ ಬಡವರಿಗೆ. ಬಡ ಬಿಳಿಯನಿಗೆ ಧಣಿ ತನ್ನ ಜಮೀನು ಕೊಡಲಿಲ್ಲ. ಕರಿಯನ ಹಂದಿ ಕೊಟ್ಟ, ಜೊತೆಗೆ ನೀನು ಅವನಿಗಿಂತ ಮೇಲು ಎಂಬ ಮಾತು ಕೊಟ್ಟ. ಹೊಟ್ಟೆ ತುಂಬದ ಈ ಮೇಲ್ಮೆಯನ್ನು ಬಡವರು ಎಷ್ಟು ಬೇಗ ನಂಬಿಬಿಡುತ್ತಾರೆ ಅನ್ನೋದನ್ನು ನಿಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

1776ರಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂದು ಘೋಷಣೆ ಬರೆದ ಜೆಫರ್‌ಸನ್ ಇದೇ ವರ್ಜೀನಿಯಾದವನು. ಅವನ ಜೀವಮಾನದಲ್ಲಿ ಅವನ ಸೊತ್ತಾಗಿದ್ದ ಗುಲಾಮರು 600ಕ್ಕೂ ಹೆಚ್ಚು. 1787ರ ಸಂವಿಧಾನ, ಪ್ರತಿನಿಧಿಗಳ ಲೆಕ್ಕಕ್ಕೆ ಐದು ಗುಲಾಮರನ್ನು ಮೂರು ತಲೆ ಎಂದು ಎಣಿಸಿತು. ಓಟು ಗುಲಾಮನಿಗಲ್ಲ, ಅವನ ತಲೆ ತೋರಿಸಿ ಹೆಚ್ಚು ಸೀಟು ಹಿಡಿದವನು ಧಣಿ. ದೇಶ ಪಶ್ಚಿಮಕ್ಕೆ ಬೆಳೆಯಿತು, ಹತ್ತಿ ಬೆಳೆಯಿತು, ಗುಲಾಮರ ಲೆಕ್ಕವೂ ಬೆಳೆಯಿತು: 1790ರಲ್ಲಿ ಸುಮಾರು 7 ಲಕ್ಷ, 1860ರಲ್ಲಿ ಸುಮಾರು 40 ಲಕ್ಷ.

1865ರಲ್ಲಿ, ಲಕ್ಷಾಂತರ ಜನ ಸತ್ತ ಅಂತರ್ಯುದ್ಧದ ನಂತರ, ಗುಲಾಮಗಿರಿಯ ಕಾನೂನು ಹೋಯಿತು. ಜಮೀನು ಬಂತೇ? ದಕ್ಷಿಣ ಕೆರೊಲಿನಾ, ಜಾರ್ಜಿಯಾ ಕರಾವಳಿಯಲ್ಲಿ ಕುಟುಂಬಕ್ಕೆ 40 ಎಕರೆಯಂತೆ ಹಂಚತೊಡಗಿದ್ದನ್ನು ಅದೇ ವರ್ಷ ಅಧ್ಯಕ್ಷ ಆಂಡ್ರೂ ಜಾನ್ಸನ್ ಕಿತ್ತು ಹಳೆಯ ಧಣಿಗಳಿಗೇ ಕೊಡಿಸಿದ. ಇನ್ನು 1691ರ ಆ ಮದುವೆ ನಿಷೇಧ? ರೂಪ ಬದಲಿಸಿಕೊಂಡು ಬದುಕೇ ಇತ್ತು. ವರ್ಜೀನಿಯಾದ ಮಿಲ್ಡ್ರೆಡ್ ಮತ್ತು ರಿಚರ್ಡ್ ಲವಿಂಗ್ ದಂಪತಿ ಸುಪ್ರೀಂ ಕೋರ್ಟಿನವರೆಗೆ ಹೋರಾಡಿ ಅದನ್ನು ಸಾಯಿಸಿದ್ದು 1967ರಲ್ಲಿ. 276 ವರ್ಷ!

ಇದೆಲ್ಲ ನಮಗೆ ಯಾಕೆ ಅಂತೀರಾ? ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕಾದ ಸಜ್ಜನರಿಗೆ ಅರ್ಪಿಸಿದರು. ಬಾಬಾಸಾಹೇಬರು 1913ರಲ್ಲಿ ಓದಲು ಹೋದದ್ದು ಕೊಲಂಬಸನ ಹೆಸರು ಹೊತ್ತ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಗೆ. 1916ರ ಮೇ ತಿಂಗಳಲ್ಲಿ ಅಲ್ಲಿ ಓದಿದ ಪ್ರಬಂಧದಲ್ಲಿ ಅವರು ಜಾತಿಯ ಬುಡವನ್ನು ಹಿಡಿದದ್ದು ಎಲ್ಲಿ? ಒಳಮದುವೆಯಲ್ಲಿ. ಹೊರಗೆ ಮದುವೆ ಕೂಡದು ಎಂಬ ಕಟ್ಟಿನಲ್ಲಿ. ಆ ಹೊತ್ತಿಗೆ ವರ್ಜೀನಿಯಾದ ಮದುವೆ ಕಾನೂನು ಗಟ್ಟಿಮುಟ್ಟಾಗೇ ಇತ್ತು.

ಜಾತಿಯೂ ಅಮೆರಿಕಾದ ಗುಲಾಮಗಿರಿಯೂ ಒಂದೇ ಅಂತ ನಾವು ಹೇಳ್ತಿಲ್ಲ. ಅವರ ಕಟ್ಟಿಗೆ ಇಸವಿ ಸಿಗುತ್ತೆ, ಸಭೆಯ ಹೆಸರು ಸಿಗುತ್ತೆ. ನಮ್ಮದನ್ನು ಅನಾದಿ ಅಂತ ಹೇಳಿ ಬಾಯಿ ಮುಚ್ಚಿಸುತ್ತಾರೆ. ಬರೆದವನ ಹೆಸರು ಅಳಿಸಿಹೋದರೆ ಬರೆದದ್ದು ದೇವರ ಮಾತಾಗಿಬಿಡುತ್ತೆ. ಹಾಗಾಗಿ ಗೆಳೆಯರೇ, ಇದು ಮೊದಲಿಂದಲೂ ಹೀಗೇ ಅಂತ ಯಾರಾದರೂ ನಿಮ್ಮ ಮುಂದೆ ಹೇಳಿದರೆ ಎರಡು ಪ್ರಶ್ನೆ ಕೇಳಿ: ಯಾವ ಇಸವಿಯಿಂದ? ಬರೆದ ದಿನ ಜಮೀನು ಯಾರ ಕೈಲಿತ್ತು?

ಉತ್ತರ ಹುಡುಕಲು ಲೈಬ್ರರಿಗೆ ಹೋಗಿ. ರಾತ್ರಿ ಊಟವಾದ ಮೇಲೆ ಹಾಸ್ಟೆಲಿನ ರೂಮಿನಲ್ಲಿ ಹತ್ತು ಜನ ಕೂತು ಈ ಹಾಳೆಯನ್ನು ಜೋರಾಗಿ ಓದಿ, ಜಗಳ ಆಡಿ. ನಾವು ತಪ್ಪು ಬರೆದಿದ್ದರೆ ತಿದ್ದಿ ಬರೆದು ಕಳಿಸಿ.