ಕಡಲಿನಲ್ಲಿ ಒಂದು ದಿನ: ಎಲ್ಲಿ ಇಳಿಯತಕ್ಕದ್ದು?

ನಮ್ಮ ಮೈಸೂರಿನ ವಾಚಕರೊಬ್ಬರು ಬರೆದ ಕಾಗದವೇ ಈ ತಿಂಗಳ ವಿಷಯಕ್ಕೆ ಕಾರಣ. ಅವರ ಮನೆಯ ಏಳು ಜನರು ಜನವರಿಯಲ್ಲಿ ಮುರುಡೇಶ್ವರಕ್ಕೆ ಹೋಗಿ, ಒಂದು ದೋಣಿಯನ್ನು ಇಡೀ ದಿನಕ್ಕೆ ಬಾಡಿಗೆಗೆ ಹಿಡಿದು, ನೇತ್ರಾಣಿ ದ್ವೀಪದ ಬಳಿ ಸ್ನಾರ್ಕ್ಲಿಂಗ್ ಮಾಡಬೇಕೆಂದು ನಿಶ್ಚಯಿಸಿರುವರು. ಮುಖಕ್ಕೆ ಗಾಜಿನ ಮುಖವಾಡವನ್ನು ಕಟ್ಟಿ, ಬಾಯಿಯಲ್ಲಿ ಉಸಿರುಕೊಳವೆಯನ್ನಿಟ್ಟುಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನ ಲೋಕವನ್ನು ನೋಡುವುದಕ್ಕೆ ಈ ಹೆಸರು. “ದಿನವೊಂದೇ, ಸ್ಥಳಗಳು ಹಲವು, ಯಾವುವನ್ನು ಆರಿಸಿಕೊಳ್ಳೋಣ?” ಎಂಬುದು ಅವರ ಪ್ರಶ್ನೆ.

ದ್ವೀಪದ ಆಯ್ಕೆಯನ್ನು ಅವರು ಸರಿಯಾಗಿಯೇ ಮಾಡಿದ್ದಾರೆ. ಕಾರವಾರದ ಕೂರ್ಮಗಡವು ರಮ್ಯವಾದುದಾದರೂ ಕಾಳೀ ನದಿಯ ಮುಖಕ್ಕೆ ಸಮೀಪವಾಗಿರುವುದರಿಂದ ಅಲ್ಲಿಯ ನೀರಿನಲ್ಲಿ ಹೊಳೆಯ ಮಣ್ಣು ಬೆರೆಯುವುದುಂಟು. ಮಲ್ಪೆಯೆದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವೂ ನಮ್ಮ ನೆಲವೂ ಬೇರ್ಪಟ್ಟ ಕಾಲದ ಲಾವಾರಸವು ಆರಿ ಆದವು. ಅದು ಕಲ್ಲನ್ನು ನೋಡತಕ್ಕ ಸ್ಥಳವೇ ಹೊರತು ನೀರೊಳಗನ್ನು ನೋಡತಕ್ಕದ್ದಲ್ಲ. ನೇತ್ರಾಣಿಯಾದರೋ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ಹೊಳೆಯ ಕೆಸರು ಅಷ್ಟು ದೂರ ಬರುವುದು ಕಡಮೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಬಂಡೆಗಳ ಮೇಲಿನ ಹವಳವೂ, ಗಿಳಿಮೀನು, ಚಿಟ್ಟೆಮೀನುಗಳೂ ಸ್ಪಷ್ಟವಾಗಿ ಕಾಣುವುವು. ಹೆಸರಿನ ಮೂಲವು ಏನೇ ಇರಲಿ, ಸಂಸ್ಕೃತವನ್ನು ಓದಿದ ಕಿವಿಗೆ ‘ನೇತ್ರಾಣಿ’ ಎಂದರೆ ‘ಕಣ್ಣುಗಳು’ ಎಂದೇ ಕೇಳಿಸುವುದು.

ಇನ್ನು ದ್ವೀಪದ ಯಾವ ಪಾರ್ಶ್ವದಲ್ಲಿ ಇಳಿಯಬೇಕೆಂಬ ಮಾತು. ಕ್ರಿಕೆಟ್ಟಿನಿಂದ ನಮಗೆಲ್ಲ ಪರಿಚಿತವಾದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಹಾಯಿದೋಣಿಯನ್ನು ಬಾಡಿಗೆಗೆ ಹಿಡಿದು ಇದೇ ವಿನೋದಕ್ಕಾಗಿ ಹೋಗುವವರು ಬಹಳ. ಅಲ್ಲಿ ವಾಣಿಜ್ಯಮಾರುತವು ವರ್ಷದ ಬಹುಭಾಗ ಪೂರ್ವದಿಂದಲೇ ಬೀಸುವುದರಿಂದ ದ್ವೀಪಗಳ ಪಶ್ಚಿಮದ ಕೊಲ್ಲಿಗಳು ಸಾಮಾನ್ಯವಾಗಿ ಗಾಳಿಮರೆಯಲ್ಲಿರುತ್ತವೆ. ಆದಕಾರಣ ಅಲ್ಲಿಯವರು ಇಳಿಯುವ ಸ್ಥಳಗಳ ಪಟ್ಟಿಯನ್ನು ಮನೆಯಲ್ಲಿಯೇ ಕುಳಿತು ಬರೆದಿಟ್ಟುಕೊಳ್ಳಬಹುದು. ನಮ್ಮ ಕರಾವಳಿಯ ರೀತಿಯು ಬೇರೆ. ತಿಳಿಯಾದ ಕಾಲದಲ್ಲಿಯೂ ಬೆಳಗಿನ ಗಾಳಿಯು ನೆಲದಿಂದ ಕಡಲಿಗೆ ಮೆಲ್ಲನೆ ಬೀಸುವುದು. ಬಿಸಿಲೇರಿ ನೆಲ ಕಾದ ಮೇಲೆ ಅದು ತಿರುಗಿ ಕಡಲಿನಿಂದ ನೆಲಕ್ಕೆ ಜೋರಾಗಿ ಬೀಸುವುದು. ಬೆಳಿಗ್ಗೆ ಕೊಳದಂತಿದ್ದ ಪಶ್ಚಿಮದ ಬಂಡೆಯಡಿಯು ಮಧ್ಯಾಹ್ನಕ್ಕೆ ಅಲೆಗಳ ಬಾಯಿಗೆ ಸಿಕ್ಕುವುದು. ಆದುದರಿಂದ ನಮ್ಮಲ್ಲಿ ಸ್ಥಳವನ್ನು ಅಂದು, ಅಲ್ಲಿ, ಆ ಗಳಿಗೆಯ ಗಾಳಿಯನ್ನು ನೋಡಿಯೇ ಆರಿಸತಕ್ಕದ್ದು. ಮುಂಜಾನೆಯೇ ಹೊರಟು ನಡುಹಗಲಿನೊಳಗೆ ನೀರಿನಿಂದ ಮೇಲೇಳುವುದು ಕ್ಷೇಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ.

ಎರಡನೆಯದು ಆಳ. ಆಳ ಹೆಚ್ಚಿದಷ್ಟೂ ನೋಟ ಹೆಚ್ಚೆಂಬ ಭಾವನೆಯು ತಪ್ಪು. ಸೂರ್ಯನ ಬೆಳಕಿನಲ್ಲಿ ಕೆಂಪು ಬಣ್ಣವನ್ನು ನೀರು ಎಲ್ಲಕ್ಕಿಂತ ಮೊದಲು ಹೀರಿಬಿಡುವುದು. ಕೆಲವೇ ಮೀಟರ್ ಕೆಳಗೆ ಎಲ್ಲವೂ ನೀಲಿ, ಬೂದಿಯಾಗಿ ತೋರುವುದು. ಎರಡು ಮೂರು ಮೀಟರ್ ಆಳದ ಬಂಡೆಯ ಮೇಲೆಯೇ ಬಣ್ಣಗಳ ವೈಭವ. ಇನ್ನೊಂದು ಸೂಕ್ಷ್ಮವೂ ಉಂಟು. ಮುಖವಾಡದೊಳಗಿನ ಗಾಳಿಯ ಮೂಲಕ ನೋಡುವಾಗ ನೀರಿನೊಳಗಿನ ವಸ್ತುವು ಸುಮಾರು ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುವುದು; 4 ಮೀಟರ್ ಕೆಳಗಿನ ಬಂಡೆಯು 3 ಮೀಟರಿನಲ್ಲಿರುವಂತೆ ತೋರುವುದು. ಕಾಲಿಗೆ ನಿಲುಕುವುದೆಂದು ನಂಬಿದ ಮಕ್ಕಳು ಗಾಬರಿಗೊಳ್ಳುವುದು ಇಲ್ಲಿಯೇ. ನಿಲುಕಿದರೂ ಅದರ ಮೇಲೆ ನಿಲ್ಲತಕ್ಕದ್ದಲ್ಲ. ಹವಳವು ಕಲ್ಲಲ್ಲ, ಸಜೀವವಾದ ಪ್ರಾಣಿಗಳ ಮನೆ. ಅದರ ತುಣುಕನ್ನು ನೆನಪಿಗೆಂದು ಮುರಿದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೂ ಆಗಿದೆ.

ಮೂರನೆಯದನ್ನು ಹೇಳುವುದಕ್ಕೆ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ನಾಲ್ಕು ವರ್ಷಗಳ ಹಿಂದೆ ನಾನೂ ಹೀಗೆಯೇ ಮಕ್ಕಳು ಮೊಮ್ಮಕ್ಕಳೊಡನೆ ಹೋಗಿದ್ದೆನು. ಅವರಿವರನ್ನು ವಿಚಾರಿಸಿ ನಾಲ್ಕು ಸ್ಥಳಗಳ ಪಟ್ಟಿಯನ್ನು ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆನು. ಎರಡು ಸ್ಥಳಗಳು ಮುಗಿದ ಮೇಲೆ ದೋಣಿಯ ತಾಂಡೇಲನು ನೀರಿನ ಮೇಲಣ ನಿರಿಗೆಗಳನ್ನು ನೋಡಿ, “ಗಾಳಿ ತಿರುಗಿತು ಸ್ವಾಮಿ, ಇನ್ನು ಸಾಕು,” ಎಂದನು. ದಿನವಿಡೀ ಬಾಡಿಗೆ ಕೊಟ್ಟಿರುವೆನೆಂಬ ಜಂಬದಲ್ಲಿ ನಾನು, “ಇನ್ನೊಂದೇ,” ಎಂದು ಹಟ ಹಿಡಿದೆನು. ಅವನು ಎರಡು ಸಲ ಬೇಡವೆಂದು ಕೊನೆಗೆ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟನು. ಹನ್ನೆರಡು ವರ್ಷದ ನನ್ನ ಮೊಮ್ಮಗನು, ಜೀವರಕ್ಷಕ ಅಂಗಿಯನ್ನು ತೊಟ್ಟಿದ್ದರೂ, ನೋಡುನೋಡುತ್ತಿದ್ದಂತೆ ಸೆಳವಿಗೆ ಸಿಕ್ಕಿ ಬಂಡೆಯ ಮೂಲೆಯಾಚೆ ಮರೆಯಾದನು. ತಾಂಡೇಲನು ದೋಣಿಯನ್ನು ತಿರುಗಿಸಿ, ಹಗ್ಗವನ್ನೆಸೆದು ಅವನನ್ನು ಎಳೆದುಕೊಂಡನು. ಹೆಚ್ಚೆಂದರೆ ಐದು ನಿಮಿಷ. ಆ ಐದು ನಿಮಿಷಗಳನ್ನು ನಾನು ಇನ್ನೂ ಮರೆತಿಲ್ಲ. ದಡಕ್ಕೆ ಬರುವವರೆಗೂ ಹುಡುಗನು ಮಾತಾಡಲಿಲ್ಲ. ಆಮೇಲೆ ಮೆಲ್ಲನೆ, “ತಾತ, ಅವರು ಬೇಡವೆಂದಾಗ ನೀವೇಕೆ ಕೇಳಲಿಲ್ಲ?” ಎಂದನು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಹೇಳಿದ ಮಾತನ್ನು ಕೇಳಬೇಕೆಂದು ಬೋಧಿಸಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಕಾವೇರಿಯಲ್ಲಿ ಈಜು ಕಲಿತ ನಾವು ಹೊಳೆಯ ಸೆಳವು ಎತ್ತ ಹರಿಯುವುದೆಂಬುದನ್ನು ಬಲ್ಲೆವು. ಕಡಲಿನ ಸೆಳವಾದರೋ ಹೊತ್ತುಹೊತ್ತಿಗೆ ದಿಕ್ಕನ್ನು ಬದಲಿಸುವುದು. ಅದನ್ನು ಬಲ್ಲವನು ಅಲ್ಲಿಯೇ ಹುಟ್ಟಿ ಬೆಳೆದವನು.

ಆದುದರಿಂದ ಕಾಗದ ಬರೆದ ಮಹನೀಯರಿಗೆ ನನ್ನ ಸಲಹೆಯಿಷ್ಟು. ಮೊದಲು ಪರವಾನಗಿಯುಳ್ಳ ಒಳ್ಳೆಯ ದೋಣಿಯವರನ್ನು ಆರಿಸಿರಿ. ಸ್ಥಳವನ್ನು ಅವರು ಆರಿಸಲಿ. ಎರಡು ಸ್ಥಳಗಳಿಗಿಂತ ಹೆಚ್ಚಿಗೆ ಆಶಿಸಬೇಡಿರಿ. ಗುಂಪಿನಲ್ಲಿ ಎಲ್ಲರಿಗಿಂತ ಕಡಮೆ ಈಜು ಬಲ್ಲವರು ಯಾರೋ, ಅವರಿಗೆ ತಕ್ಕುದೇ ಎಲ್ಲರಿಗೂ ತಕ್ಕ ಸ್ಥಳವೆಂದು ತಿಳಿಯಿರಿ. ನಿಮ್ಮ ವೃದ್ಧಮಾತೆಯವರು ನೀರಿಗಿಳಿಯದೆ ದೋಣಿಯಲ್ಲಿಯೇ ಕುಳಿತಿರುವರೆಂದು ಬರೆದಿರುವಿರಿ. ಅವರಿಗೆ ಒಂದು ಕೆಲಸವನ್ನು ಒಪ್ಪಿಸಿರಿ: ನೀರಿನ ಮೇಲಿನ ತಲೆಗಳನ್ನು ಆಗಾಗ ಎಣಿಸುತ್ತಿರಲಿ. ಅಂದು ನಮ್ಮ ದೋಣಿಯಲ್ಲಿ ಎಣಿಸುವವರು ಯಾರೂ ಇರಲಿಲ್ಲ.