ತೂಕ ನಿಂತೋಯ್ತು ಅಂತ ಇಟ್ಟು ಬುಡಬ್ಯಾಡಿ ಕಣ್ರವ್ವ

ಹೋದ ವಾರ ಕೆ.ಆರ್.ಪೇಟೆಯಿಂದ ನಮ್ ತಂಗಿ ಫೋನ್ ಮಾಡಿ ಅತ್ತೇಬುಟ್ಲು. "ಅಕ್ಕಯ್ಯ, ಮೂರು ತಿಂಗಳಿಂದ 71ರಲ್ಲೇ ನಿಂತದೆ. ಒಂದೊತ್ತು ಉಂಡ್ರೂ ಅಷ್ಟೆ, ಉಪಾಸ ಇದ್ರೂ ಅಷ್ಟೆ. ನಾಳೆಯಿಂದ ಮಧ್ಯಾನದ ಇಟ್ಟೂ ಬುಟ್ಬುಡ್ತೀನಿ" ಅಂದ್ಲು. ಬ್ಯಾಡ ಕಣಮ್ಮಿ ಅಂದೆ. ಅಷ್ಟೊತ್ತಿಗೆ ಅವಳ ಕುಕ್ಕರ್ ಕೂಗ್ತು, ಫೋನ್ ಮಡಗಿದ್ಲು. ಮಿಕ್ಕಿದ್ದು ಇಲ್ಲಿ ಬರೀತಿವ್ನಿ. ಅವಳೊಬ್ಬಳಿಗೇ ಅಲ್ಲ, ನಮ್ ಕೇರೀಲೂ ಇದೇ ಪಾಡು ಪಡ್ತಿರೋರು ನಾಕೈದು ಜನ ಅವ್ರೆ.

ನಾನೂ ಅದೇ ಹಳ್ಳಕ್ಕೆ ಬಿದ್ದೆದ್ದವಳು. ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ 74 ಕೆ.ಜಿ. ಇದ್ದೆ. ಮಂಡಿ ನೋವು, ಸಕ್ಕರೆ ಬೇರೆ ಅಂಚಿನಲ್ಲಿ. ಪಾಂಡವಪುರದ ಡಾಕ್ಟ್ರು ವಸಿ ತೂಕ ಇಳಿಸಿ ಅಂದ್ರು. ಕಾಪಿಗೆ ಸಕ್ಕರೆ ಬುಟ್ಟೆ, ಎರಡು ಮುದ್ದೆ ಒಂದಾಯ್ತು, ಬೆಳಿಗ್ಗೆ ನಾಲೆ ಏರಿ ಮೇಲೆ ಅರ್ಧ ಗಂಟೆ ನಡಿಗೆ. ಮೊದಲನೇ ತಿಂಗಳೇ 3 ಕೆ.ಜಿ. ಇಳೀತು. ಊರಿಗೆಲ್ಲ ಹೇಳ್ಕೊಂಡು ಬಂದೆ. ಸಂಕ್ರಾಂತಿಗೆ 68. ಅಲ್ಲಿಗೆ ನಿಂತೋಯ್ತು. ಶಿವರಾತ್ರಿಗೂ 68, ಯುಗಾದಿ ಹತ್ತಿರ ಬಂದ್ರೂ 68. ಮಗ ತಂದುಕೊಟ್ಟ ಮಿಷಿನ್ನೇ ಕೆಟ್ಟೋಗದೆ ಅಂದ್ಕೊಂಡು ಹಿಟ್ಟಿನ ಮಿಲ್ಲಿಗೆ ಹೋಗಿ ಮೂಟೆ ತೂಗೋ ಮಿಷಿನ್ ಮೇಲೆ ನಿಂತೆ. ಮಿಲ್ಲಿನ ಹುಡುಗ ನಕ್ಕ. ಅಲ್ಲೂ 68.

ಸರಿ, ಇನ್ನೂ ಕಮ್ಮಿ ಉಣ್ಣೋದೇ ದಾರಿ ಅಂತ ರಾತ್ರಿ ಊಟ ಪೂರ್ತಿ ಬುಟ್ಟೆ. ಬರೀ ಮಜ್ಜಿಗೆ. ಮೂರು ವಾರ ಹಂಗೇ ಇದ್ದೆ. ಸಿಡುಕು ಜಾಸ್ತಿಯಾಯ್ತು, ಮೊಮ್ಮಗನ ಮೇಲೂ ರೇಗ್ತಿದ್ದೆ, ತಲೆಕೂದಲು ಬಾಚಣಿಗೆ ತುಂಬ ಬರೋದು. ಒಂದಿನ ಮಧ್ಯಾಹ್ನ ಹಿಟ್ಟು ತೊಳೆಸ್ತಿದ್ದೆ. ಪಾತ್ರೆ ಕೊತಕೊತ ಅಂತಿತ್ತು, ಕೈಲಿ ಕೋಲು. ಕಣ್ಣು ಕತ್ತಲೆ ಬಂದು ಮುಂದಕ್ಕೆ ವಾಲ್ಬುಟ್ಟೆ. ಸೊಸೆ ಹಿಂದಿನಿಂದ ಸೀರೆ ಹಿಡಿದು ಎಳೆದಳು. ಇಲ್ಲದಿದ್ರೆ ಆ ಬಿಸಿ ಹಿಟ್ಟಿನ ಮೇಲೇ ಬೀಳ್ತಿದ್ದೆ. ಮಾರನೇ ದಿನ ತೂಕ ನೋಡಿದ್ರೆ 67.8. ಅಷ್ಟೇ ನೋಡಿ, ಮೂರು ವಾರದ ಸಂಪಾದನೆ.

ಯಾಕೆ ಹಿಂಗೆ ಅಂತ ಆಮೇಲೆ ಡಾಕ್ಟ್ರತ್ರ ಕೂತು ಕೇಳ್ದೆ. ನನಗೆ ಅರ್ಥವಾದ ಹಂಗೆ ಹೇಳ್ತೀನಿ. ಮೊದಲ ತಿಂಗಳು ದಡದಡ ಇಳಿಯೋದ್ರಲ್ಲಿ ಬಹಳಷ್ಟು ನೀರು. ಮೈಯಲ್ಲಿ ಸಕ್ಕರೆಯ ದಾಸ್ತಾನು ಇರ್ತದಲ್ಲ, ಅದರ ಒಂದೊಂದು ಗ್ರಾಮಿನ ಜೊತೆಗೆ ಹತ್ತಿರ ಹತ್ತಿರ 3 ಗ್ರಾಂ ನೀರು ಸೇರ್ಕೊಂಡಿರ್ತದೆ. ಊಟ ಕಮ್ಮಿಯಾದಾಗ ದಾಸ್ತಾನು ಕರಗಿ ನೀರೂ ಹೊರಟೋಗ್ತದೆ. ಆ ಓಟ ಆಮೇಲೆ ಇರಲ್ಲ. ಎರಡನೇದು, 74 ಕೆ.ಜಿ. ಹೊತ್ತು ಓಡಾಡೋಕೆ ಬೇಕಾದಷ್ಟು ಊಟ 68ಕ್ಕೆ ಬೇಡ. ಮೂಟೆ ಇಳಿಸಿದ ಗಾಡಿ ಎಳೆಯೋ ಎತ್ತಿಗೆ ಆಯಾಸ ಕಮ್ಮಿ ತಾನೆ. ಮೊದಲು ತೂಕ ಇಳಿಸ್ತಿದ್ದ ಊಟವೇ ಈಗ ಇದ್ದಲ್ಲೇ ನಿಲ್ಲಿಸೋ ಊಟ ಆಗ್ತದೆ. ಮೂರನೇದೇ ನಮ್ಮನ್ನ ಹೆದರಿಸಬೇಕಾದ್ದು. ತೀರ ಕಮ್ಮಿ ಉಂಡ್ರೆ ಮೈ ಖರ್ಚು ಬಿಗಿ ಹಿಡೀತದೆ, ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸ್ತದೆ.

1944-45ರಲ್ಲಿ, ಯುದ್ಧದ ಕಾಲದಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ 36 ಜನ ಗಟ್ಟಿಮುಟ್ಟಾದ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಹಾಕಿ ಪರೀಕ್ಷೆ ಮಾಡಿದ್ರು. ಮೈ ತಣ್ಣಗಾಯ್ತು, ಮಂಕು ಕವೀತು, ಯಾವ ಕೆಲಸಕ್ಕೂ ಮನಸ್ಸಿಲ್ಲ. ಹಗಲು ರಾತ್ರಿ ಊಟದ್ದೇ ಯೋಚನೆಯಾಗಿ ಅಡುಗೆ ಪುಸ್ತಕ ಓದ್ತಾ ಕೂರ್ತಿದ್ರಂತೆ. ಸೊಸೆ ಇದನ್ನ ಓದಿ ಹೇಳಿದಾಗ ನಮ್ ಯಜಮಾನ್ರಿಗೆ ನಗು ತಡೀಲಿಲ್ಲ. ನನಗೆ ನಗು ಬರಲಿಲ್ಲ. ಆ ಮೂರು ವಾರ ನಾನೂ ಫೋನಲ್ಲಿ ಬರೀ ಅಡುಗೆ ವಿಡಿಯೋನೇ ನೋಡ್ತಿದ್ದೆ.

ಹಂಗಾದ್ರೆ ಏನು ಮಾಡೋದು? ಸೊಸೆ ಒಂದು ಉಪಾಯ ತೆಗೆದಳು. ಮುಚ್ಚಳದ ಸ್ಟೀಲ್ ಡಬ್ಬ ಒಂದನ್ನ ಕಟ್ಟೆ ಮೇಲೆ ಇಟ್ಟು, "ಅತ್ತೆ, ತಟ್ಟೆ ಹಾಕ್ಕೊಂಡು ಉಣ್ಣೋದು ಬುಟ್ಟು ಇವತ್ತು ನಿಮ್ಮ ಬಾಯಿಗೆ ಏನೇನು ಹೋಯ್ತದೋ ಅಷ್ಟನ್ನೇ ಇದರಲ್ಲೂ ಹಾಕಿ" ಅಂದಳು. ನಾನು ಏನೂ ತಿನ್ನಲ್ಲ ಅಂತ ಜಗಳಕ್ಕೇ ನಿಂತಿದ್ದೆ. ಸಾಯಂಕಾಲ ಡಬ್ಬ ತೆಗೆದ್ರೆ ಮೊಮ್ಮಗ ಬಿಟ್ಟಿದ್ದ ಒಂದೂವರೆ ಇಡ್ಲಿ, ರುಚಿ ನೋಡಿದ ಚಿತ್ರಾನ್ನ, ಪಾತ್ರೆ ತಳದಲ್ಲಿ ಎಸೆಯೋಕೆ ಮನಸ್ಸು ಬಾರದ ಅನ್ನ, ಒಂದು ಹಿಡಿ ಹುರಿದ ಕಡ್ಲೇಕಾಯಿ ಬೀಜ, ಎರಡು ಚೂರು ಬೆಲ್ಲ, ಪಕ್ಕದ ಮನೆಯವರು ಕೊಟ್ಟ ನಿಪ್ಪಟ್ಟು. ಒಬ್ಬ ಆಳಿನ ಊಟ ಕಣ್ರವ್ವ ಅದು! ಕಡ್ಲೇಕಾಯಿ ಬೀಜ ಒಂದೇ 30 ಗ್ರಾಮಿಗೆ 170 ಕ್ಯಾಲೊರಿ. ನಾನು ಅರ್ಧ ಗಂಟೆ ನಾಲೆ ಏರಿ ಮೇಲೆ ನಡೆದು ಕರಗಿಸೋದು ಹೆಚ್ಚು ಕಡಿಮೆ 120. ನಿಂತದ್ದು ಸಂಕ್ರಾಂತಿಗೇ ಯಾಕೆ ಅನ್ನೋದೂ ಆಗ ಹೊಳೀತು. ಅವರೆಕಾಯಿ ಕಾಲ, ಎಣ್ಣೆ ಕಾಯಿ ಹಾಕಿ ದಿನಾ ಎಸರು, ಮೇಲೆ ಮನೆಮನೆ ಎಳ್ಳು ಬೆಲ್ಲ.

ಈ ಡಬ್ಬದ ವಿಷಯ ತಮಾಷೆಯಾಗಿ ಹೇಳಿದ್ರೂ ನನಗೆ ಅದರಲ್ಲಿ ವಸಿ ದುಃಖವೂ ಅದೆ. ಮಿಕ್ಕಿದ್ದು, ಸೀದದ್ದು, ತಳ ಹಿಡಿದದ್ದು ನಮ್ಮ ಹೊಟ್ಟೆಗೆ. ಕಾಳು, ಮೊಟ್ಟೆ, ಬಾಡಿನ ಒಳ್ಳೇ ತುಂಡು ಅವರ ತಟ್ಟೆಗೆ. ಬಸ್ಸಾರು ಮಾಡಿದ ದಿನ ಪಲ್ಯ ಎಲ್ಲಾರಿಗೂ ಬಡಿಸಿ ಮುಗೀತದೆ, ಕೊನೇಲಿ ಕೂತವಳಿಗೆ ಬರೀ ರಸ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಲೆಕ್ಕದಲ್ಲಿ ಹೆಂಗಸಿಗೆ ದಿನಕ್ಕೆ 46 ಗ್ರಾಮಿನಷ್ಟು ಪ್ರೋಟೀನು ಬೇಕು. 100 ಗ್ರಾಂ ರಾಗಿ ಹಿಟ್ಟಲ್ಲಿ 7 ಗ್ರಾಂ, ಅಷ್ಟೇ ಅಕ್ಕೀಲಿ ಏಳೆಂಟು, ಒಂದು ಲೋಟ ಹಾಲಲ್ಲಿ ಆರು. ಕೂಡಿಸಿ ನೋಡಿ, ಅರ್ಧಕ್ಕೂ ಮುಟ್ಟಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ನಮ್ಮ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 30 ಜನ ತೂಕ ಹೆಚ್ಚಿರೋರು, 48ರ ಹತ್ತಿರ ರಕ್ತ ಕಮ್ಮಿ ಇರೋರು. ದಪ್ಪ ಇರೋಳು ಚೆನ್ನಾಗಿ ಉಂಡೋಳು ಅನ್ನೋದು ಸುಳ್ಳು. ಇಂಥವಳಿಗೆ ಇನ್ನೂ ಕಮ್ಮಿ ಉಣ್ಣು ಅನ್ನೋದು ಯಾವ ನ್ಯಾಯ?

ಅದಕ್ಕೇ ನಾನು ಹೇಳೋದು, ತೂಕ ನಿಂತಾಗ ಊಟ ಇನ್ನೂ ಕಡಿಯಬ್ಯಾಡಿ, ತಟ್ಟೆ ಬದಲಾಯಿಸಿ. ಈಗ ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಅದರ ಜೊತೆ ಹುರಳಿ ಕಾಳೋ ಹೆಸರು ಕಾಳೋ ಒಂದು ಬಟ್ಟಲು ತುಂಬ, ಸೊಪ್ಪು. 50 ಗ್ರಾಂ ಹುರಳೀಲಿ 11 ಗ್ರಾಂ ಪ್ರೋಟೀನು ಅದೆ. ಬೆಳಿಗ್ಗೆ ಒಂದು ಮೊಟ್ಟೆ. ರಾತ್ರಿ ಬೇಗ, ಆದ್ರೆ ಊಟ ಉಂಟು. ಡಬ್ಬಕ್ಕೆ ಹೋಗ್ತಿದ್ದದ್ದು ಈಗ ಹಸುವಿನ ಕಲಗಚ್ಚಿಗೆ. ನನ್ನ ಹೊಟ್ಟೆ ಕಲಗಚ್ಚಿನ ತೊಟ್ಟಿ ಅಲ್ಲ ಅಂತ ಮನೇಲಿ ಒಂದಿನ ಜೋರಾಗೇ ಹೇಳಿದೆ.

ಇಟ್ಟಿನ ಮೇಲೆ ಗೂಬೆ ಕೂರಿಸೋರಿಗೆ ಒಂದು ಮಾತು. ಶ್ರೀರಂಗಪಟ್ಟಣದ ನಮ್ ನಾದ್ನಿ ಮುದ್ದೆ ಬುಟ್ಟು ಓಟ್ಸ್ ಹಿಡಿದಳು. ತೂಕಕ್ಕೆ ತೂಕ ಇಟ್ಟು ನೋಡಿದ್ರೆ ರಾಗಿಗಿಂತ ಓಟ್ಸಲ್ಲೇ ಕ್ಯಾಲೊರಿ ವಸಿ ಜಾಸ್ತಿ. ಸುಣ್ಣದ ಅಂಶ ರಾಗೀಲಿ ಎಷ್ಟೋ ಪಾಲು ಹೆಚ್ಚು, ಮುಟ್ಟು ನಿಂತ ಮೂಳೆಗೆ ಅದೇ ಬೇಕಾದ್ದು. ನಮ್ಮ ಮಂಡ್ಯದ ವಿ.ಸಿ. ಫಾರಮ್ಮಲ್ಲೇ ರಾಗಿ ಲಕ್ಷ್ಮಣಯ್ಯನವರು ಇಂಡಿಯಾ ಆಫ್ರಿಕಾ ರಾಗಿ ಕೂಡಿಸಿ ಇಂಡಾಫ್ ತಳಿ ಮಾಡಿಕೊಟ್ರು. ಅಂಥ ನೆಲದಲ್ಲಿ ಕೂತು ಡಬ್ಬದ ಓಟ್ಸಿಗೆ ದುಡ್ಡು ಸುರಿಯೋದು! ತಪ್ಪು ಮುದ್ದೇದಲ್ಲ, ಅದರ ಗಾತ್ರದ್ದು. ತಂಗಿ ಇನ್ನೂ ಒಂದು ಹೆಜ್ಜೆ ಮುಂದೆ, ಚೀಟಿ ದುಡ್ಡಲ್ಲಿ ಯಾವುದೋ ಪೌಡರ್ ಕುಡೀತಾವಳೆ. ಮೊದಲು 4 ಕೆ.ಜಿ. ಇಳೀತು, ಈಗ ನಿಂತದೆ. ಮಾರೋಳು ಏನಂತಾಳೆ? ದಿನಕ್ಕೆ ಮೂರು ಸಲ ಕುಡೀರಿ ಅಂತಾಳೆ. ಅವಳ ಡಬ್ಬ ಬೇಗ ಖಾಲಿಯಾಗಬೇಕಲ್ಲ.

ನಡಿಗೆ ಒಂದೇ ಸಾಲದು ಅನ್ನೋದೂ ನನ್ನ ಅನುಭವ. ನಾಗಮಂಗಲದ ಕಡೆ ನನ್ನ ತವರಲ್ಲಿ ನಮ್ಮವ್ವ ಬಾವಿಯಿಂದ ಎರಡೆರಡು ಬಿಂದಿಗೆ ತರೋಳು, ರಾಗಿ ಬೀಸೋಳು, ಒನಕೆ ಹಿಡಿಯೋಳು. ಎರಡು ಮುದ್ದೆ ಉಂಡ್ರೂ ಅರಗ್ತಿತ್ತು. ನಮಗೆ ಮಿಕ್ಸಿ, ನಲ್ಲಿ, ಗ್ಯಾಸು. ಬೇಡ ಅಂತಿಲ್ಲ, ಬೀಸೋ ಕಲ್ಲಿಗೆ ವಾಪಸ್ ಹೋಗಿ ಅಂತ ಹೇಳೋರು ಒಂದಿನ ಬೀಸಿ ನೋಡಲಿ. ಆದ್ರೆ 50 ದಾಟಿದ ಮೇಲೆ ಕೆಲಸ ಕೊಡದ ಖಂಡ ಸೊರಗ್ತದೆ, ಖಂಡ ಸೊರಗಿದ್ರೆ ಉಂಡದ್ದು ಕರಗಲ್ಲ. ನಾನು ಕುರ್ಚೀಲಿ ಕೂತು ಕೈ ಊರದೆ ಏಳ್ತೀನಿ, ಹತ್ತು ಸಲ, ಮೂರು ಸರ್ತಿ. 5 ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿ ಎರಡು ಕೈಲೂ ಎತ್ತಿಳಿಸ್ತೀನಿ. ಮೊದಲ ವಾರ ತೊಡೆ ಹಿಡ್ಕೊಂಡು ಬಚ್ಚಲಿಗೆ ಹೋಗೋದೂ ಕಷ್ಟವಾಗಿತ್ತು.

ಯುಗಾದಿಯಿಂದ ಈಚೆಗೆ ಎಷ್ಟು ಇಳೀತು ಅಂತೀರಾ? ಒಂದೂವರೆ ಕೆ.ಜಿ., ಅಷ್ಟೆ. 66.5. ರವಿಕೆ ಮಾತ್ರ ಎರಡು ಕಡೆ ಹಿಡಿಸಬೇಕಾಯ್ತು, ಸಕ್ಕರೆ ಗೆರೆ ಒಳಗೆ ಬಂದದೆ. ಅದು 68ರಲ್ಲೇ ನಿಂತಿದ್ರೂ ಈಗ ನಾನು ಅಳ್ತಿರಲಿಲ್ಲ. ಮೈ ತೂಕ 1 ಕೆ.ಜಿ. ಇಳಿದ್ರೆ ಒಂದೊಂದು ಹೆಜ್ಜೇಲೂ ಮಂಡಿ ಮೇಲಿನ ಭಾರ 4 ಕೆ.ಜಿ.ಯಷ್ಟು ಕಮ್ಮಿಯಾಗ್ತದಂತೆ. 6 ಕೆ.ಜಿ. ಅಂದ್ರೆ ಹೆಜ್ಜೆಹೆಜ್ಜೆಗೂ ಅರ್ಧ ಮೂಟೆ ಸಿಮೆಂಟು ಕೆಳಗಿಟ್ಟಂಗೆ. ಇಳಿಸಿದ್ದನ್ನ ಮತ್ತೆ ಏರದಂಗೆ ಹಿಡ್ಕೊಂಡಿರೋದೂ ಕೆಲಸವೇ.

ಇನ್ನೊಂದು, ಸಕ್ಕರೆ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳದೆ ಒಂದೊತ್ತೂ ಊಟ ಬುಡಬ್ಯಾಡಿ, ಸಕ್ಕರೆ ದಿಢೀರ್ ಇಳಿದು ಬಿದ್ದೋಗ್ತೀರ. ಸುಸ್ತು, ಚಳಿ, ಮಲಬದ್ಧತೆ ಜೊತೆಗೆ ತೂಕವೂ ಅಲ್ಲಾಡದಿದ್ರೆ ಥೈರಾಯ್ಡ್ ಒಂದು ಸಲ ನೋಡಿಸಿ.

ತಂಗಿ ಭಾನುವಾರ ಬತ್ತಾಳೆ. ಹುರಳಿ ನೆನೆ ಹಾಕಬೇಕು, ಮೊಳಕೆ ಕಟ್ಟಿ ಬಸ್ಸಾರು. ಪಲ್ಯ ಮೊದಲು ಅವಳ ತಟ್ಟೆಗೇ ಬಡಿಸೋದು ಅಂತ ಸೊಸೆಗೆ ಆಗಲೇ ಹೇಳಿಟ್ಟಿವ್ನಿ. ಮುಚ್ಚಳದ ಡಬ್ಬವನ್ನೂ ತೊಳೆದು ಮಡಗಿವ್ನಿ, ಪೇಟೆಗೆ ತಗೊಂಡೋಗಲಿ.